ನಳಿನಾಕ್ಷಿ ತನಗೆ ಕೊಟ್ಟುಕೊಂಡ ಅಂಕ

೧೯೭೭ರ ಮಾರ್ಚ್ ತಿಂಗಳ ಒಂದು ದಿನ, ಬೆಳಿಗ್ಗೆ ಐದೂವರೆಗೆ, ನಳಿನಾಕ್ಷಿ ಕಾಪುವಿನ ಮನೆಯ ಜಗಲಿಯಲ್ಲಿ ಕೂತು ಹೃದಯದ ನಾಲ್ಕು ಕೋಣೆಗಳ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಎದುರಿಗೆ ಅವಳ ತಾಯಿ ಅಕ್ಕು ಮತ್ತು ಪಕ್ಕದ ಮನೆಯ ಪುಷ್ಪಾವತಿ ಮೊರಗಳನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ದೀಪಸ್ತಂಭದ ಬೆಳಕು ತೆಂಗಿನ ಗರಿಗಳನ್ನು ಸವರಿ ಸಮುದ್ರದ ಕಡೆಗೆ ತಿರುಗುತ್ತಿತ್ತು. ಬೆಳಕು ಹೋದ ಮೇಲೂ ಗರಿಗಳು ಸ್ವಲ್ಪ ಹೊತ್ತು ಬೆಳ್ಳಗೇ ಇದ್ದಂತೆ ಕಾಣುತ್ತಿತ್ತು.

ಅವಳ ಪಾಲಿನ ಬೀಡಿಯನ್ನೂ ಆ ಇಬ್ಬರೇ ಕಟ್ಟುವುದು, ಅವರಿಗೆ ನಿದ್ದೆ ಬಾರದಂತೆ ಅವಳು ಓದುವುದು ಎಂದು ಮನೆಯಲ್ಲಿ ಒಪ್ಪಂದವಾಗಿತ್ತು. ಪುಸ್ತಕ ಇಂಗ್ಲಿಷಿನದು. ಒಂದು ಪುಟ ಓದಿ, ಅದನ್ನೇ ತುಳುವಿನಲ್ಲಿ ವಿವರಿಸುತ್ತಿದ್ದಳು.

"ನಾಲ್ಕು ಕೋಣೆಯಾ? ನಮ್ಮ ಮನೆಗಿಂತ ಎರಡು ಹೆಚ್ಚು ಉಂಟಲ್ಲ ಮಾರಾಯ್ತಿ!" ಎಂದು ಪುಷ್ಪಾವತಿ ನಕ್ಕಳು.

"ನೀನು ಡಾಕ್ಟರಾದ ಮೇಲೆ ಮೊದಲು ಇವಳ ಬಾಯಿಗೆ ಮದ್ದು ಕೊಡು ಮಗಾ" ಎಂದಳು ಅಕ್ಕು.

ಡಾಕ್ಟರಾಗುವುದು ನಳಿನಾಕ್ಷಿ ಹಗಲಿನಲ್ಲೇ ಕಾಣುತ್ತಿದ್ದ ಕನಸು. ಹೊಗೆಸೊಪ್ಪಿನ ಪುಡಿ ತುಂಬಿದ ಆ ಜಗಲಿಯಲ್ಲಿ ಹೆಂಗಸರು ಕೆಮ್ಮಿದಾಗ, ಅವರ ಬೆನ್ನಿಗೆ ಕಿವಿಯಿಟ್ಟು ಒಳಗಿನ ಸದ್ದು ಕೇಳುತ್ತಿರುವಂತೆ ಅವಳಿಗೆ ಅನಿಸುತ್ತಿತ್ತು. ಅದು ಶಂಖದೊಳಗಿನ ಸಮುದ್ರದಂತೆ ಕೇಳಿಸೀತು ಎಂದುಕೊಂಡಿದ್ದಳು.

ಪಿಯುಸಿಯಲ್ಲಿ ವಿಜ್ಞಾನದ ಮೂರು ವಿಷಯಗಳಿಗೆ ಸೇರಿ ಮುನ್ನೂರಕ್ಕೆ ಇನ್ನೂರ ಎಪ್ಪತ್ತೊಂದು ಬಂತು. ಅವಳು ಅರ್ಜಿ ಹಾಕಿದ ಮೆಡಿಕಲ್ ಸೀಟಿಗೆ ಅದಷ್ಟೇ ಸಾಲದು, ಸಂದರ್ಶನದ ಐವತ್ತು ಅಂಕವನ್ನೂ ಅದಕ್ಕೆ ಕೂಡಿಸುತ್ತಿದ್ದರು. ಪರೀಕ್ಷೆಯ ಅಂಕ ಅಷ್ಟು ಮೇಲಿರುವಾಗ ಸಂದರ್ಶನದಲ್ಲಿ ಮೂವತ್ತು ದಾಟಿದರೆ ಸೀಟು ಸಿಕ್ಕಿದಂತೆಯೇ ಎಂದು ಕಾಲೇಜಿನ ಮೇಷ್ಟ್ರು ಹೇಳಿದ್ದರು.

ಸಂದರ್ಶನದ ಸಮಿತಿ ಮಣಿಪಾಲದಲ್ಲಿ ಕೂತಿತ್ತು. ಜುಲೈ ತಿಂಗಳು. ಕಟಪಾಡಿ ದಾಟುವಾಗ ಬಸ್ಸಿನ ಕಿಟಕಿಯಾಚೆ ಗದ್ದೆ, ನೀರು, ಆಕಾಶ ಎಲ್ಲಕ್ಕೂ ಒಂದೇ ಬಣ್ಣ. ಮಣಿಪಾಲದ ಗುಡ್ಡ ಏರುವಾಗ ಮಂಜಿನಲ್ಲಿ ರಸ್ತೆಯೇ ಕಾಣಲಿಲ್ಲ. ತಾನು ಎಲ್ಲಿಗೂ ಹೋಗುತ್ತಿಲ್ಲ, ಊರೇ ನಿಧಾನಕ್ಕೆ ಕೆಳಗಿಳಿಯುತ್ತಿದೆ ಎಂದು ಅವಳಿಗೆ ಅನಿಸಿತಂತೆ.

ಮೇಜಿನ ಆಚೆ ಮೂವರಿದ್ದರು. ಹೃದಯದ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದಳು. ಬೆಳಕಿನ ವಕ್ರೀಭವನದ ಬಗ್ಗೆ ಅರ್ಧ ಹೇಳಿ ತಡವರಿಸಿದಳು. "ಡಾಕ್ಟರ್ ಯಾಕೆ ಆಗಬೇಕು?" ಎಂದು ಕೇಳಿದಾಗ ಶಂಖದ ಸದ್ದು ನೆನಪಾಯಿತು, ಅದನ್ನು ಹೇಳುವುದು ಹೇಗೆಂದು ತಿಳಿಯದೆ ಸುಮ್ಮನಾದಳು.

ನಡುವೆ ಕೂತಿದ್ದ ಹಿರಿಯರು ಕನ್ನಡಕ ತೆಗೆದು ನಕ್ಕರು. "ನೀವೇ ಹೇಳಿ ಮಗು, ಈ ಸಂದರ್ಶನದಲ್ಲಿ ನಿಮಗೆ ಎಷ್ಟು ಅಂಕ ಕೊಡಬಹುದು?"

ಅವರು ಅದನ್ನು ಎಲ್ಲರನ್ನೂ ಕೇಳುತ್ತಿದ್ದರು. ಅವಳಿಗಿಂತ ಮೊದಲು ಹೋಗಿದ್ದ ಹುಡುಗ "ಐವತ್ತು ಸರ್" ಎಂದಿದ್ದನ್ನು ಅವಳು ಬಾಗಿಲಾಚೆ ನಿಂತೇ ಕೇಳಿಸಿಕೊಂಡಿದ್ದಳು. ಆದರೆ ಅವಳು ಬೆಳೆದ ಮನೆಯಲ್ಲಿ ಕ್ರಮ ಬೇರೆ. ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಂಡುಹೋಗುವ ಮೊದಲು ಅಕ್ಕು ಪ್ರತಿ ಕಟ್ಟನ್ನೂ ಬಿಚ್ಚಿ, ಸಡಿಲವಾದದ್ದು, ಎಲೆ ಹರಿದದ್ದು, ತುದಿ ಸರಿ ಮಡಚದ್ದು ಎಲ್ಲವನ್ನೂ ತಾನೇ ತೆಗೆದು ಬದಿಗಿಡುತ್ತಿದ್ದಳು. ಅಲ್ಲಿ ಬೀಡಿ ಪರೀಕ್ಷಿಸುವ ಚೆಕ್ಕರ್ ಕೈಯಲ್ಲಿ ತೆಗೆಸಿಕೊಂಡರೆ ಮರ್ಯಾದೆ ಹೋಗುತ್ತದೆ ಎನ್ನುವುದು ಅವಳ ಲೆಕ್ಕ. ನಳಿನಾಕ್ಷಿಯೂ ಮೇಜಿನ ಕೆಳಗೆ ಬೆರಳು ಆಡಿಸುತ್ತಾ ಒಂದೊಂದೇ ಉತ್ತರವನ್ನು ನೋಡಿ, ಕೆಟ್ಟದ್ದನ್ನು ಬದಿಗಿಟ್ಟಳು.

"ಇಪ್ಪತ್ತೆಂಟು ಸರ್."

ಮೂವರೂ ಮುಖ ಮುಖ ನೋಡಿಕೊಂಡರು. ಹಿರಿಯರು ಏನೋ ಬರೆದುಕೊಂಡು "ಆಯಿತು, ಹೋಗಿ ಬನ್ನಿ" ಎಂದರು.

ಫಲಿತಾಂಶದ ಹಲಗೆಯಲ್ಲಿ ಅವಳ ಹೆಸರಿನ ಮುಂದೆ ಇನ್ನೂರ ಎಪ್ಪತ್ತೊಂದು, ಅದರ ಪಕ್ಕದಲ್ಲಿ ಇಪ್ಪತ್ತೆಂಟು. ಕೊನೆಯ ಸೀಟಿಗೆ ಮೂರು ಅಂಕ ಕಡಿಮೆಯಾಗಿತ್ತು.

ಅಕ್ಕು ಬೀಡಿ ಕಟ್ಟುವುದನ್ನು ನಿಲ್ಲಿಸಿ ಕೇಳಿದಳು. "ನೀನು ಎಷ್ಟು ಹೇಳಿದ್ದು?"

"ಇಪ್ಪತ್ತೆಂಟು."

"ಅವರು ಎಷ್ಟು ಕೊಟ್ಟದ್ದು?"

"ಅಷ್ಟೇ."

"ಹಾಗಾದರೆ ಅವರು ನೋಡಲೇ ಇಲ್ಲ ಮಗಾ! ಎಂತ ಚೆಕ್ಕರ್ ಅವರು? ನಾವು ತೆಗೆದಿಟ್ಟು ಹೇಳಿದ ಲೆಕ್ಕವನ್ನೇ ಬರೆದುಕೊಳ್ಳುವುದಾ?" ಆ ದಿನ ಜಗಲಿಯಲ್ಲಿ ಯಾರೂ ಗಟ್ಟಿಯಾಗಿ ಓದಲಿಲ್ಲ.

ನಳಿನಾಕ್ಷಿ ಉಡುಪಿಯಲ್ಲಿ ಬಿ.ಎಸ್ಸಿ. ಸೇರಿದಳು, ಆಮೇಲೆ ಎಂ.ಎಸ್ಸಿ. ಮಾಡಿದಳು. ಕಾರ್ಕಳದ ಕಾಲೇಜಿನಲ್ಲಿ ಕಲಿಸುತ್ತಿದ್ದ ನಮಗೆ ಅವರ ಪರಿಚಯವಾದದ್ದು ಅವರು ಅಲ್ಲಿಗೆ ಪ್ರಾಣಿಶಾಸ್ತ್ರ ಕಲಿಸಲು ಬಂದ ಮೇಲೆ. ಕಪ್ಪೆಯ ಹೃದಯ ತೋರಿಸುವಾಗ ದನಿ ತಗ್ಗಿಸುತ್ತಿದ್ದರು, ನಿದ್ರಿಸುವ ಮಗುವಿನ ಹತ್ತಿರ ಮಾತಾಡುವವರ ಹಾಗೆ.

ಮೆಡಿಕಲ್ಲಿಗೆ ಹೋಗಬಯಸುವವರು ಬಂದು "ಎಷ್ಟು ಅಂಕ ಬೇಕು ಮೇಡಂ?" ಎಂದರೆ, "ಸಂದರ್ಶನ ಕೈಕೊಟ್ಟರೂ ನಡೆಯುವಷ್ಟು" ಎನ್ನುತ್ತಿದ್ದರು. ಆಮೇಲೆ ಬಾಗಿಲು ಹಾಕಿ ತಾವೇ ಸಂದರ್ಶಕರಾಗಿ ಕೂತು ಅಭ್ಯಾಸ ಮಾಡಿಸುತ್ತಿದ್ದರು. "ನಿಮ್ಮನ್ನು ಅಳೆಯುವುದು ಅವರ ಕೆಲಸ. ಅವರ ಕೆಲಸ ನೀವು ಮಾಡಬೇಡಿ."

೧೯೮೫ರಲ್ಲಿ ಹಾಗೆ ಕಲಿತು ಸೀಟು ಪಡೆದ ಪೆರ್ಡೂರಿನ ಹುಡುಗಿಯೊಬ್ಬಳು ಲಡ್ಡು ಕೊಟ್ಟುಹೋದ ಸಂಜೆ, ನಳಿನಾಕ್ಷಿಯವರು, ರಸಾಯನಶಾಸ್ತ್ರ ಕಲಿಸುವ ವಿಲ್ಫ್ರೆಡ್ ಮತ್ತು ನಾನು ಪ್ರಯೋಗಾಲಯದಲ್ಲಿದ್ದೆವು. ಹೊರಗೆ ಕರಿಬಂಡೆಯ ಮೇಲೆ ಬಿಸಿಲು ಆರುತ್ತಿತ್ತು. ವಿಲ್ಫ್ರೆಡ್ ತಮಾಷೆಯವರು.

"ಮಕ್ಕಳಿಗೆಲ್ಲ ಉಪಾಯ ಹೇಳಿಕೊಡ್ತೀರಿ. ಆ ದಿನ ನೀವು ನಲವತ್ತು ಅಂದಿದ್ದರೆ ಈಗ ನಾವು ನಿಮಗೆ ನಾಲಿಗೆ ತೋರಿಸಿ ಫೀಸು ಕೊಡ್ತಿದ್ದೆವು, ಅಲ್ವಾ?"

"ಕೊಡ್ತಿದ್ದಿರಾ? ನೀವು?" ಎಂದು ಅವರು ನಕ್ಕರು.

"ತಮಾಷೆ ಬಿಡಿ ಮೇಡಂ. ಅದೇ ಪ್ರಶ್ನೆ ಈಗ ಕೇಳಿದರೆ ಎಷ್ಟು ಹೇಳ್ತೀರಿ?" ಎಂದರು ವಿಲ್ಫ್ರೆಡ್.

ನಳಿನಾಕ್ಷಿಯವರ ಬೆರಳುಗಳು ಮಡಿಲಲ್ಲಿ ಮೆಲ್ಲಗೆ ಆಡಿದವು.

"ಡಾಕ್ಟರ್ ಯಾಕೆ ಆಗಬೇಕು ಅಂದಾಗ ಸುಮ್ಮನಿದ್ದೆ ನೋಡಿ, ಅದಕ್ಕೆ ಪೂರ್ತಿ ಕಳೆದಿದ್ದೆ. ಅದು ತಪ್ಪು ಉತ್ತರ ಅಲ್ಲ, ನನಗೆ ಹೇಳಲಿಕ್ಕೆ ಬರಲಿಲ್ಲ ಅಷ್ಟೇ. ಅದಕ್ಕೆ ಒಂದು ಅಂಕ ಕೊಡಬಹುದಿತ್ತು." ಮತ್ತೊಮ್ಮೆ ಎಲ್ಲವನ್ನೂ ನೋಡಿದವರಂತೆ ತಲೆಯಾಡಿಸಿ ಹೇಳಿದರು: "ಇಪ್ಪತ್ತೊಂಬತ್ತು."