ಇವತ್ತಿನದ್ದು ಮಾತ್ರ ಹೇಳಿ

ಕೆಲಸಕ್ಕೆಂದು ಕಡಬದ ಆ ಮನೆಗೆ ಹೋದ ಮೂರನೆಯ ದಿನ, ಇನ್ನೂ ಬೆಳಕು ಹರಿಯುವ ಮೊದಲೇ, ಮನೆಯ ಹಿಂದೆ ಢಂ ಢಂ ಎಂದು ಪಟಾಕಿ ಸಿಡಿಯಿತು. ನಮ್ಮ ಬೀದರಿನ ಕಡೆ ಅಷ್ಟು ಜೋರಾಗಿ ಪಟಾಕಿ ಹೊಡೆದರೆ ಮದುಮಗ ಊರಿಗೆ ಬಂದನೆಂದೇ ಅರ್ಥ. ನಾನು ಕೂದಲು ಸರಿಮಾಡಿಕೊಂಡು, ಸೆರಗು ಹೊದ್ದು, ಮೆರವಣಿಗೆ ನೋಡಲು ಅಂಗಳಕ್ಕಿಳಿದೆ. ಹಿಂದಿನಿಂದ ಯಾರೋ ರಟ್ಟೆ ಹಿಡಿದು ಒಳಗೆಳೆದರು. ನೋಡಿದರೆ ಮನೆಯ ಯಜಮಾನಿ ಏಲಿ ಚೇಡತ್ತಿ.

"ಸಿಸ್ಟರೇ, ಆನೆ ಉಂಟು," ಎಂದರು, ಹಾಲಿನವ ಬಂದಿದ್ದಾನೆ ಎನ್ನುವ ಹಾಗೆ.

ಹಿತ್ತಲಲ್ಲಿ ಬಾಳೆಗಿಡ ಮುರಿಯುವ ಸದ್ದು ಕೇಳಿಸಿತು. ಅಡುಗೆಮನೆಯ ಮೂಲೆಯಲ್ಲಿ ಕೂತವಳು ಬಿಸಿಲೇರುವವರೆಗೂ ಏಳಲಿಲ್ಲ. ಆನೆ ಓಡಿಸುವ ಆ ಪಟಾಕಿಗೆ ಅಲ್ಲಿ ಗರ್ನಾಲ್ ಎನ್ನುತ್ತಾರಂತೆ. ನಾನು ಕಲಿತ ಮೊದಲ ಹೊಸ ಪದ ಅದೇ.

ನಾನು ಸರ್ಕಾರಿ ಉಪಕೇಂದ್ರದ ನರ್ಸ್. ದಕ್ಷಿಣ ಕನ್ನಡಕ್ಕೆ ಹಾಕಿದ್ದಾರೆ ಎಂದಾಗ ಸಮುದ್ರ ನೋಡಬಹುದೆಂದು ಕುಣಿದಿದ್ದೆ. ಪುತ್ತೂರಿನಲ್ಲಿ ಬಸ್ಸಿಳಿದು ಸಮುದ್ರ ಎಷ್ಟು ದೂರವೆಂದು ಕೇಳಿದರೆ ಕಂಡಕ್ಟರು, "ನೀವು ಹೋಗುದು ಕಾಡಿನ ಕಡೆಗಲ್ವಾ ಮಾರಾಯ್ರೆ," ಎಂದು ನಕ್ಕ. ಊರಲ್ಲಿ ತೊಗರಿ ಹೊಲದಾಚೆ ಒಂದು ಮೈಲಿ ದೂರದಲ್ಲಿ ಬರುವವನ ನಡಿಗೆ ನೋಡಿಯೇ ಯಾರೆಂದು ಹೇಳುತ್ತೇವೆ. ಅಲ್ಲಿ ಹತ್ತು ಮಾರಿನಾಚೆ ಏನೂ ಕಾಣುವುದಿಲ್ಲ. ರಬ್ಬರ್ ಮರ, ಅದರ ಹಿಂದೆ ಮತ್ತೆ ರಬ್ಬರ್ ಮರ, ಆಮೇಲೆ ಕಾಡು. ಉಪಕೇಂದ್ರಕ್ಕೆ ಅದರ ನಡುವೆಯೇ ಒಂದೂವರೆ ಕಿಲೋಮೀಟರು ನಡೆಯಬೇಕು. ಲಸಿಕೆಯ ಪೆಟ್ಟಿಗೆ ಎದೆಗವಚಿಕೊಂಡು, ತರಗೆಲೆ ಸರ್ರೆಂದರೂ ಬೆವರುತ್ತ ಹೋಗುತ್ತಿದ್ದೆ. ಪ್ರತಿ ವಾರ ವರ್ಗಾವಣೆಯ ಅರ್ಜಿ ಬರೆಯುವುದು, ಹರಿಯುವುದು.

ಚೇಡತ್ತಿ ಎಂದರೆ ಮಲಯಾಳಿ ಕ್ರೈಸ್ತರಲ್ಲಿ ಹಿರಿಯ ಹೆಂಗಸನ್ನು ಕರೆಯುವ ಹೆಸರು. ಗಂಡ ತೀರಿಕೊಂಡ ಮೇಲೆ ಇವರೇ ತಲೆಗೆ ಲೈಟು ಕಟ್ಟಿಕೊಂಡು, ನಸುಕಿನಲ್ಲಿ ತೋಟಕ್ಕೆ ಹೋಗಿ, ಮರದ ತೊಗಟೆ ಕೊಯ್ದು ರಬ್ಬರ್ ಹಾಲು ಇಳಿಸುತ್ತಾರೆ. ಭಾನುವಾರ ಮಾತ್ರ ರಜೆ. ನಾವೂ ಕ್ರೈಸ್ತರೇ; ನಮ್ಮ ಸಭೆ ಬೇರೆ, ಪಳ್ಳಿ ಎಂದು ಅವರು ಕರೆಯುವ ಚರ್ಚು ಬೇರೆ, ಕರ್ತನೊಬ್ಬನೇ ಎಂದುಕೊಂಡು ಸಂಜೆ ಇಬ್ಬರೂ ಒಟ್ಟಿಗೆ ಪ್ರಾರ್ಥನೆಗೆ ಕೂರುತ್ತಿದ್ದೆವು. ಅವರ ಮನೆಯಲ್ಲೊಂದು ಪದ್ಧತಿ ಉಂಟು. (ನೋಡಿ, ನನಗೂ 'ಉಂಟು' ಹತ್ತಿಬಿಟ್ಟಿದೆ.) ಸಂಜೆ ಏನನ್ನೂ ಬೇಡುವಂತಿಲ್ಲ. ಆ ದಿನ ಸಿಕ್ಕಿದ ಒಂದಕ್ಕೆ ಕೃತಜ್ಞತೆಯ ಸ್ತೋತ್ರ ಹೇಳಿ ಮುಗಿಸಬೇಕು.

ನಾನು ಮೊದಲ ಸಂಜೆಯೇ, ಕರ್ತನೇ, ನನ್ನನ್ನು ಬೇಗ ಬೀದರಿಗೆ ಮುಟ್ಟಿಸು ಎಂದು ಶುರುಮಾಡಿದ್ದೆ. ಚೇಡತ್ತಿ ಒಂದು ಕಣ್ಣು ತೆರೆದು, "ಅದು ನಾಳೆಯದ್ದು ಸಿಸ್ಟರೇ. ಇವತ್ತಿನದ್ದು ಮಾತ್ರ ಹೇಳಿ," ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಇವತ್ತಿನದ್ದು ಅಂದರೆ ಏನು? ಜಿಗಣೆ ಕಚ್ಚಿದ್ದೇ? ಜೋಳದ ರೊಟ್ಟಿ ಕೇಳಿದವಳಿಗೆ ಮರಗೆಣಸು ಸಿಕ್ಕಿದ್ದೇ? ಅವರೋ, ಕಾಫಿ ಚೆನ್ನಾಗಿತ್ತು, ನಾಯಿಯ ಕಾಲುನೋವು ಗುಣವಾಯಿತು ಎಂದು ನೆಮ್ಮದಿಯಾಗಿ ಏಳುತ್ತಿದ್ದರು. ಆನೆಯ ಬಾಯಲ್ಲಿ ಮನೆ ಕಟ್ಟಿಕೊಂಡು ಕಾಫಿಗೆ ಸ್ತೋತ್ರ ಹೇಳುವ ಈ ಹೆಂಗಸಿಗೆ ಭಯವೆಂಬುದೇ ಇಲ್ಲ, ಬುದ್ಧಿಯೂ ಅಷ್ಟಕ್ಕಷ್ಟೇ ಎಂದುಕೊಂಡೆ. ಪಾಪಿ ನಾನು. ನನ್ನ ಸ್ತೋತ್ರ ಮಾತ್ರ ದಿನಾ ಒಂದೇ: ಇವತ್ತು ಆನೆ ಬರಲಿಲ್ಲ.

ಆಮೇಲೊಂದು ಮಂಗಳವಾರ ಚೇಡತ್ತಿ ತೋಟಕ್ಕೆ ಹೋಗಿದ್ದಾಗಲೇ ಗರ್ನಾಲ್ ಸಿಡಿಯಿತು. ಒಂದು, ಎರಡು, ಆಮೇಲೆ ಲೆಕ್ಕ ತಪ್ಪಿತು. ಫೋನು ಮಾಡಿದರೆ ಅದು ಅವರ ದಿಂಬಿನ ಕೆಳಗೇ ಬಡಿದುಕೊಂಡಿತು. ಬೆಳಕಾಯಿತು, ಅವರು ಬರಲಿಲ್ಲ. ಹೊಸಿಲ ಮೇಲೆ ನಿಂತಿದ್ದ ನನಗೆ ಹೊರಗೆ ಕಾಲಿಡಲು ಧೈರ್ಯವಿಲ್ಲ, ಬಾಗಿಲು ಹಾಕಲು ಮನಸ್ಸಿಲ್ಲ. ಪ್ರಾರ್ಥನೆಯೇನೋ ಬಾಯಿಗೆ ಬಂತು, ಅದರಲ್ಲಿ ಬೀದರ್ ಇರಲಿಲ್ಲ. ಇವರು ಈಗ ಬರಲಿ, ಇಷ್ಟೇ ಸಾಕು, ಇಷ್ಟೇ ಸಾಕು ಎಂದು ಹೇಳುತ್ತಲೇ ಇದ್ದೆ.

ಬಿಸಿಲು ಅಂಗಳಕ್ಕೆ ಬಿದ್ದ ಮೇಲೆ ಬಂದರು. ಸೀರೆಯ ಮೇಲೆಲ್ಲ ರಬ್ಬರ್ ಹಾಲು, ಬಕೆಟ್ ಖಾಲಿ. ಬಂಡೆಯ ಸಂದಿಯಲ್ಲಿ ಅವಿತು ಕೂತಿದ್ದರಂತೆ. ನಾನು ಕೊಟ್ಟ ನೀರನ್ನು ಪಕ್ಕಕ್ಕಿಟ್ಟು, ಮೊದಲು ಬಾಗಿಲಿಗೆ ಅಗುಳಿ ಹಾಕಿದರು.

"ನಿಮಗೆ ಹೆದರಿಕೆಯೇ ಇಲ್ಲ ಅಂದುಕೊಂಡಿದ್ದೆ," ಎಂದೆ.

"ಹೆದರಿಕೆ ಇಲ್ಲದೆ ಎಂತ ಮಾರಾಯ್ತಿ? ದಿನಾ ಹೆದರಿಕೊಂಡೇ ಹೋಗುದು," ಎಂದರು. "ನಾಳೆಯದ್ದನ್ನೂ ಸೇರಿಸಿ ಹೆದರಿದರೆ ನನಗೆ ಎತ್ತಲಿಕ್ಕೆ ಆಗುದಿಲ್ಲ. ಇವತ್ತಿನದ್ದಾದರೆ ಕರ್ತನು ಒಂದು ಬದಿ ಹಿಡಿತಾನೆ."

ಆ ಸಂಜೆ ನನ್ನ ಸರದಿ ಬಂದಾಗ 'ಚೇಡತ್ತಿ ಬಂದರು' ಎಂದಷ್ಟೇ ಹೇಳಿ ಅತ್ತುಬಿಟ್ಟೆ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲೂ ನಾವು ಕೇಳುವುದು ಈ ಹೊತ್ತಿನ ಆಹಾರವನ್ನಷ್ಟೇ. ಹುಟ್ಟಿದಾಗಿನಿಂದ ಹೇಳುತ್ತ ಬಂದವಳಿಗೆ ಅದು ಕಿವಿಗೆ ಬಿದ್ದದ್ದು ಅವತ್ತು. ಹೆದರಿಕೆ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮರುದಿನವೂ ಬೆವರುತ್ತಲೇ ಹೋದೆ, ಆದರೆ ಆ ಒಂದೂವರೆ ಕಿಲೋಮೀಟರಿನಷ್ಟೇ ಹೆದರಿದೆ.

ಕಳೆದ ವಾರ ರಜೆಗೆ ಬೀದರಿಗೆ ಬಂದೆ. ಈ ಸಲದ ಅರ್ಜಿ ಹರಿಯದೆ ಚೀಲದಲ್ಲಿದೆ. ಸಹಿಯೊಂದು ಹಾಕಿದರಾಯಿತು, ಕಳಿಸಲು ನಾಳೆಯೇ ಕೊನೆಯ ದಿನ. ಇವತ್ತು ಬೆಳಿಗ್ಗೆ ಅವ್ವನೊಡನೆ ಬಾಗಿಲಲ್ಲಿ ನಿಂತಿದ್ದಾಗ ಓಣಿಯಲ್ಲಿ ಪಟಾಕಿ ಸಿಡಿಯಿತು. ಅವ್ವನ ರಟ್ಟೆ ಹಿಡಿದು ಒಳಗೆಳೆದು ಅಗುಳಿ ಹಾಕಿಬಿಟ್ಟೆ.

"ಹುಚ್ಚ ಹಿಡದದೇನ್ ನಿನಗ? ಮದುವಿ ಅದ," ಎಂದು ಅವ್ವ ಬೈದಳು. ನಾನು ಅಗುಳಿ ಬಿಡದೆ ಇನ್ನೊಂದು ಕೈಯಲ್ಲಿ ಕಡಬಕ್ಕೆ ಫೋನು ಹಚ್ಚಿದೆ. ಎಷ್ಟೋ ಹೊತ್ತು ಬಡಿದುಕೊಂಡಿತು.

"ಬಂದೆ ಸಿಸ್ಟರೇ, ಈಗಷ್ಟೇ ಬಂದೆ," ಎಂದರು ಚೇಡತ್ತಿ, ಏದುಸಿರು ಬಿಡುತ್ತ.

ಸಂಜೆ ಪ್ರಾರ್ಥನೆಯಲ್ಲಿ ಅವ್ವ, ನನ್ನ ಮಗಳನ್ನು ಇಲ್ಲೇ ಉಳಿಸು ಎಂದು ಬೇಡಿಕೊಂಡಳು. ನನ್ನ ಸರದಿಗೆ ಎರಡು ಸ್ತೋತ್ರ ಹೇಳಿದೆ: ಅವ್ವನ ಕೈಯ ರೊಟ್ಟಿ ತಿಂದೆ, ಚೇಡತ್ತಿ ಬಂದರು. ಒಂದೇ ಹೇಳಬೇಕೆಂಬ ಪದ್ಧತಿ ಮುರಿಯಿತು. ಎದ್ದ ಮೇಲೆ ಅವ್ವ ಅರ್ಜಿಯನ್ನು ಪೆನ್ನಿನ ಜೊತೆ ಮುಂದಿಟ್ಟು, ಸಹಿ ಯಾವಾಗ ಎಂದಳು.

"ಇವತ್ತಲ್ಲವ್ವಾ," ಎಂದೆ.