ಸಾಲಿನ ಕೊನೆಯಲ್ಲಿ ಹಸಿಂತಾ

ಸಿಪ್ರಿಯಾನೋ ಕೋಲ್ಕೆಯ ಹೊಸ ಕ್ಯಾಮೆರಾ ಕಂಡು ಎತ್ತರದ ಬೆಟ್ಟಸೀಮೆಯ ಊರು ಚಾಲ್ಯಪಾತಾದ ಜನ ಮೊದಮೊದಲು ನಕ್ಕಿದ್ದರು. ಹಳೆಯದಕ್ಕೆ ಮೊಳದುದ್ದದ ಲೆನ್ಸ್ ಇತ್ತು. ಅದನ್ನು ಕೊರಳಿಗೆ ಹಾಕಿಕೊಂಡು ಮದುವೆಮನೆಗೆ ಹೋದರೆ ಮದುಮಗನ ಅಪ್ಪನಿಗಿಂತ ಮುಂಚೆ ಅವನ ಕೈಗೆ ಮೆಕ್ಕೆಜೋಳದ ಹೆಂಡ ಚಿಚಾದ ಲೋಟ ಬರುತ್ತಿತ್ತು. ಅದನ್ನು ಮಾರಿ ತಂದ ಹೊಸದು ಅಂಗೈಯಗಲದ ಮಿರರ್‌ಲೆಸ್ ಕ್ಯಾಮೆರಾ. ಅದರ ಮುಂದಿನ ಲೆನ್ಸ್ ಅಂತೂ ಎರಡು ಬಿಸ್ಕತ್ತು ಜೋಡಿಸಿಟ್ಟಷ್ಟೇ ದಪ್ಪ.

"ಏನ್ ದೋನ್ ಸಿಪ್ರಿಯಾನೋ, ಲೆನ್ಸು ಒಗೆದ್ಬಿಟ್ಟು ಕುಗ್ಗೋಯ್ತಾ?" ಎಂದು ಸಂತೆಯಲ್ಲಿ ಆಲೂಗಡ್ಡೆ ಮಾರುವವರು ಕಿಚಾಯಿಸಿದ್ದರು.

ಆದರೆ ಆ ಊರಿಗೆ ಅದೇ ಸರಿಯಾದ ಲೆನ್ಸ್. ಅಲ್ಲಿನ ಮನೆಗಳು ಮಣ್ಣಿನಿಟ್ಟಿಗೆಯ ಒಂದೊಂದು ಕೋಣೆ. ಚಳಿಗೆ ಹೆದರಿ ಕಿಟಕಿಯನ್ನೂ ಕಿರಿದಾಗಿ ಇಟ್ಟಿದ್ದರು. ಮಗುವಿನ ಮೊದಲ ಕೂದಲು ಕತ್ತರಿಸುವ ಶಾಸ್ತ್ರಕ್ಕೆ ಇಪ್ಪತ್ತು ಜನ ಒಳಗೆ ತುಂಬಿಕೊಂಡರೆ ಫೋಟೋದವನಿಗೆ ಉಳಿಯುವುದು ಬೆನ್ನು ಆನಿಸುವಷ್ಟು ಗೋಡೆ ಮಾತ್ರ. ಅಲ್ಲಿ ನಿಂತೇ ಇಪ್ಪತ್ತು ಮುಖವನ್ನೂ ಈ ಪುಟ್ಟ ಲೆನ್ಸ್ ನುಂಗಿಕೊಳ್ಳುತ್ತಿತ್ತು. ಹತ್ತಿರಕ್ಕೆ, ದೂರಕ್ಕೆ ತಿರುಗಿಸುವ ಸೌಲಭ್ಯ ಅದಕ್ಕಿರಲಿಲ್ಲ. ಹತ್ತಿರ ಬೇಕೆಂದರೆ ನೀನೇ ನಡೆದು ಹೋಗಬೇಕು. ಸಿಪ್ರಿಯಾನೋ ಹಾಗೇ ನಡೆದು ಹೋಗುತ್ತಿದ್ದ, ಸಾರಿನ ಬಿಸಿ ಮುಖಕ್ಕೆ ಬಡಿಯುವಷ್ಟು ಹತ್ತಿರ.

ಅದಕ್ಕೊಂದು ದೋಷವೂ ಇತ್ತು. ನಡುವೆ ನಿಂತವರು ಇದ್ದ ಹಾಗೇ ಬರುತ್ತಿದ್ದರು. ಅಂಚಿನಲ್ಲಿ ನಿಂತವರ ಮುಖ ಮಾತ್ರ ಪಕ್ಕಕ್ಕೆ ಎಳೆದಂತಾಗಿ, ಕೆನ್ನೆ ಅಗಲವಾಗಿ, ಒಂದು ಕಣ್ಣು ಕಿವಿಯ ಕಡೆಗೆ ಜಾರಿದ ಹಾಗೆ ಕಾಣುತ್ತಿತ್ತು. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಮಗುವನ್ನು, ದೇವರ ಮುಂದೆ ಮಗುವಿನ ಹೊಣೆ ಹೊತ್ತ ದಂಪತಿಯನ್ನು, ಮನೆಯ ಹಿರಿಯರನ್ನು ನಡುವೆ ನಿಲ್ಲಿಸುತ್ತಿದ್ದ. ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದವಳು, ಲೈಟು ಹಿಡಿಯಲು ಜೊತೆಗೆ ಬರುತ್ತಿದ್ದ ಅವನ ಹೆಂಡತಿ ಹಸಿಂತಾ.

ಪರರ ಮನೆಯ ಫೋಟೋದಲ್ಲಿ ಅವಳಿಗೇನು ಕೆಲಸ ಎಂದರೆ, ಅಲ್ಲಿನವರಿಗೆ ಎಲ್ಲವೂ ಜೋಡಿಯಲ್ಲೇ ಆಗಬೇಕು. ಕುಡಿದರೆ ಎರಡು ಲೋಟ, ಭೂಮಿತಾಯಿಗೆ ಚೆಲ್ಲಿದರೆ ಎರಡು ಸಲ. ಫೋಟೋಗೆ ನಿಂತವರ ಲೆಕ್ಕ ಬೆಸವಾದರೆ ಮುದುಕಿಯರು ಗದ್ದಲ ಎಬ್ಬಿಸುತ್ತಿದ್ದರು. ಜೊತೆಯಿಲ್ಲದೆ ಉಳಿದವರು ವರ್ಷ ತುಂಬುವುದರೊಳಗೆ ಲೋಕ ಬಿಟ್ಟು ಹೊರಟುಬಿಡುತ್ತಾರೆಂದು ಅವರ ಭಯ. ಆಗ ಸಿಪ್ರಿಯಾನೋ ಕ್ಯಾಮೆರಾದಿಂದ ಕಣ್ಣೆತ್ತದೆ ಕರೆಯುತ್ತಿದ್ದ:

"ಹಸಿಂತಾ, ಬಾ, ಕೊನೇಲಿ ನಿಂತ್ಕೋ."

ಕೈಯಲ್ಲಿದ್ದ ಲೈಟನ್ನು ಮೇಜಿನ ಮೇಲಿಟ್ಟು, ಹ್ಯಾಟು ಸರಿಮಾಡಿಕೊಂಡು ಅವಳು ಹೋಗಿ ನಿಲ್ಲುತ್ತಿದ್ದಳು. ಹನ್ನೊಂದು ವರ್ಷ ಹೀಗೇ ನಡೆಯಿತು. ಊರಿನ ಅರ್ಧ ಮನೆಗಳ ಗೋಡೆಯ ಮೇಲೆ, ಯಾರಿಗೂ ಏನೂ ಆಗಬೇಕಿಲ್ಲದ ಹಸಿಂತಾ ಸಾಲಿನ ಕೊನೆಯಲ್ಲಿ ನಿಂತಿದ್ದಳು.

"ನೋಡಪ್ಪಾ ನನ್ನ ಮೂತಿ! ಕತ್ತೆ ಮೇಲೆ ಕೂತು ಬಂದ ಹಿಟ್ಟಿನ ಮುದ್ದೆ ಇದ್ದಂಗಿದೆ," ಎಂದು ಅವಳು ನಗುತ್ತಿದ್ದಳು. ಒಮ್ಮೊಮ್ಮೆ ನಗದೆಯೂ ಹೇಳಿದ್ದಳು. "ಒಂದ್ಸಲ ನನ್ನೂ ನಡುವೆ ನಿಲ್ಸೋ. ನನ್ನೊಬ್ಬಳನ್ನೇ."

"ಈ ಲೆನ್ಸಲ್ಲಿ ಹತ್ತಿರದಿಂದ ತೆಗೆದ್ರೆ ಮೂಗು ದಪ್ಪ ಬರುತ್ತೆ ಕಣೇ. ಬೇರೆ ಲೆನ್ಸ್ ತಗೊಂಡಾಗ ತೆಗೀತೀನಿ. ನೀನೆಲ್ಲಿಗೆ ಹೋಗ್ತೀಯ, ಮನೇಲೇ ಇರ್ತೀಯಲ್ಲ."

ಎಂಥ ಮಾತು! ಅಂಗಳದಲ್ಲಿ ನಿಲ್ಲಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದರೆ ಸಾಕಿತ್ತು. ಮೂಗು ಮೂಗಿನಷ್ಟೇ ಬರುತ್ತಿತ್ತು. ನಾಲ್ಕೇ ಹೆಜ್ಜೆ. ಊರವರಿಗಾಗಿ ಹೊಲ ಬಯಲು ದಾಟಿ ಮೈಲಿಗಟ್ಟಲೆ ನಡೆದವನಿಗೆ ಸ್ವಂತ ಹೆಂಡತಿಗಾಗಿ ಅಷ್ಟು ಸರಿಯಲು ಪುರುಸೊತ್ತಾಗಲಿಲ್ಲ.

ಆಗಸ್ಟಿನ ಚಳಿಗಾಳಿಗೆ ಹಸಿಂತಾಳಿಗೆ ಕೆಮ್ಮು ಹಿಡಿಯಿತು. ಆರನೆಯ ದಿನ ಹೋಗಿಬಿಟ್ಟಳು.

ಅಕ್ಟೋಬರ್ ಮುಗಿಯುತ್ತಿದ್ದಂತೆ ಅವಳ ತಂಗಿ ಬೆನಿತಾ ಹಿಟ್ಟಿನ ಚೀಲ ಹೊತ್ತು ಬಂದಳು. ನವೆಂಬರ್ ಒಂದರ ಮಧ್ಯಾಹ್ನ ಹನ್ನೆರಡಕ್ಕೆ ಸತ್ತವರು ಮನೆಗೆ ಬರುತ್ತಾರೆ, ಮರುದಿನ ಹನ್ನೆರಡಕ್ಕೆ ಹೊರಡುತ್ತಾರೆ. ಅಷ್ಟರೊಳಗೆ ಅವರಿಗಾಗಿ ಬ್ರೆಡ್ಡಿನ ಗೊಂಬೆಗಳನ್ನು ಬೇಯಿಸಿ, ಮೇಜಿಗೆ ಕಪ್ಪು ಬಟ್ಟೆ ಹಾಸಿ, ಇಷ್ಟದ ಅಡುಗೆ ಬಡಿಸಿ, ನಡುವೆ ಫೋಟೋ ಇಡಬೇಕು. ಫೋಟೋ ನೋಡಿಯೇ ಅವರಿಗೆ ಮನೆ ಗುರುತಾಗುವುದು.

"ಭಾವ, ಅಕ್ಕನ ಫೋಟೋ ತೆಗೆದಿಡಿ. ಚೆನ್ನಾಗಿರೋದು."

ಸಿಪ್ರಿಯಾನೋ ಹನ್ನೊಂದು ವರ್ಷದ ಫೋಟೋಗಳನ್ನು ಮೂರು ದಿನ ಕೂತು ನೋಡಿದ. ಮುನ್ನೂರಕ್ಕೂ ಹೆಚ್ಚು ಕಡೆ ಅವಳಿದ್ದಳು. ಎಲ್ಲ ಕಡೆಯೂ ಅಂಚಿನಲ್ಲಿ. ಕೆಲವುಗಳಲ್ಲಿ ಬಾಗಿಲಿನ ಚೌಕಟ್ಟೂ ಅವಳೂ ಒಟ್ಟಿಗೆ ವಾಲಿದ್ದರು. ಬಸ್ ನಿಲ್ದಾಣದ ಬಳಿ ಪ್ರಿಂಟ್ ಹಾಕುವ ವಿಲ್ಮಾ ಕಂಪ್ಯೂಟರಿನಲ್ಲಿ ಒಂದನ್ನು ಹಿಂಡಿ, ಎಳೆದು, ನೆಟ್ಟಗೆ ಮಾಡಿಕೊಟ್ಟಳು. ಕೆನ್ನೆ ಸಣ್ಣದಾಯಿತು, ಕಣ್ಣು ಜಾಗಕ್ಕೆ ಬಂತು. ಆದರೆ ಅದು ಹಸಿಂತಾಳ ದೂರದ ಸಂಬಂಧಿಯೊಬ್ಬಳಂತೆ ಕಾಣುತ್ತಿತ್ತು.

"ಇದ್ಯಾರು?" ಎಂದಳು ಬೆನಿತಾ.

ಉಳಿದದ್ದು ಗುರುತಿನ ಚೀಟಿಯ ಫೋಟೋ, ಉಗುರಿನಷ್ಟು. ಪೊಲೀಸರನ್ನು ಕಂಡವಳಂತೆ ಬೆದರಿದ ಕಣ್ಣು. ಅದನ್ನು ಇಡಬೇಡಿ, ನನ್ನನ್ನು ನಾನೇ ಕಂಡು ಹೆದರಿ ಪಕ್ಕದ ಮನೆಗೆ ಹೋಗುತ್ತೇನೆ ಎಂದು ಹಸಿಂತಾ ಬದುಕಿದ್ದಾಗಲೇ ತಮಾಷೆಗೆ ಹೇಳಿದ್ದಳು.

"ಬೇರೆಯವರ ಮನೆ ಮಕ್ಕಳನ್ನೆಲ್ಲ ಚೆಂದ ಕಾಣಿಸಿದ್ರಿ," ಎಂದಳು ಬೆನಿತಾ, ಹಿಟ್ಟು ನಾದುತ್ತ. "ನಮ್ಮಕ್ಕ ಒಬ್ಳೇ ನಿಮಗೆ ಕಾಣ್ಸಲಿಲ್ಲ."

ಸಿಪ್ರಿಯಾನೋ ಹಿತ್ತಿಲಿಗೆ ಹೋಗಿ, ಕ್ಯಾಮೆರಾ ಒರೆಸುವ ಬಟ್ಟೆಯಿಂದಲೇ ಮುಖ ಒತ್ತಿಕೊಂಡು ಅತ್ತ.

ಸಂತೆಯಿಂದ ತಂದ, ಬಣ್ಣ ಬಳಿದ ಪುಟ್ಟ ಮಣ್ಣಿನ ಮುಖವನ್ನು ಬೆನಿತಾ ಬ್ರೆಡ್ಡಿನ ಗೊಂಬೆಗೆ ಅಂಟಿಸಿದಳು. ಕೆಂಪು ತುಟಿ, ಗುಲಾಬಿ ಕೆನ್ನೆ, ಎಲ್ಲ ಮನೆಯ ಸತ್ತವರಿಗೂ ಒಂದೇ ಮುಖ. ಫೋಟೋ ಇಡುವ ಜಾಗದಲ್ಲಿ ಸಿಪ್ರಿಯಾನೋ ಅವಳ ಕಂದು ಹ್ಯಾಟು ಇಟ್ಟ. ಒಂದನೆಯ ತಾರೀಖು ಹನ್ನೆರಡಕ್ಕೆ ಬಾಗಿಲು ತೆರೆದು ಹೊಸ್ತಿಲ ಬಳಿಯೇ ನಿಂತುಕೊಂಡ. ಗುರುತು ಸಿಗದೆ ಮುಂದೆ ಹೋಗಿಬಿಟ್ಟರೆ ಕೂಗಿ ಕರೆಯಬೇಕಲ್ಲ ಎಂಬ ಕಳವಳ. ರಸ್ತೆಯಲ್ಲಿ ಗಾಳಿ ಧೂಳೆಬ್ಬಿಸುತ್ತಿತ್ತು, ಅಷ್ಟೇ. ಬಂದಳೋ ಇಲ್ಲವೋ ಅವನಿಗೆ ತಿಳಿಯಲೇ ಇಲ್ಲ.

ಎರಡನೆಯ ದಿನ ಪ್ರಾರ್ಥನೆಗೆ ಬಂದವರೆಲ್ಲ ಬ್ರೆಡ್ ತೆಗೆದುಕೊಂಡು ಹೋದ ಮೇಲೆ ಮನೆಯವರಷ್ಟೇ ಉಳಿದರು. ಮೇಜು ಬಿಚ್ಚುವ ಮುಂಚೆ ಒಂದು ಫೋಟೋ ಆಗಲಿ ಎಂದಳು ಮಗಳು ನೆಲಿದಾ. ಎಲ್ಲರೂ ಮೇಜಿನ ಮುಂದೆ ಸಾಲಾದರು. ಸಿಪ್ರಿಯಾನೋ ಗೋಡೆಗೆ ಬೆನ್ನು ಕೊಟ್ಟು ಕ್ಯಾಮೆರಾ ಎತ್ತಿದ, ತುಟಿಯಲ್ಲೇ ಎಣಿಸಿದ. ಒಂಬತ್ತು.

"ಹಸಿಂತಾ, ಬಾ, ಕೊನೇಲಿ ನಿಂತ್ಕೋ," ಎಂದುಬಿಟ್ಟ.

ನೆಲಿದಾ ಕೈಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡಳು. ಬೆನಿತಾಳ ಗಂಡ ಮೆಲ್ಲಗೆ ಸಾಲಿನಿಂದ ಈಚೆ ಬಂದ. "ನಾನು ಸರ್ಕೋತೀನಿ ಬಿಡಿ. ಎಂಟಾಗುತ್ತೆ."

ಸಿಪ್ರಿಯಾನೋ ಗೋಡೆಯ ಗಡಿಯಾರ ನೋಡಿದ. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು.

"ನೀನು ನಿಂತ್ಕೋ," ಎಂದ. "ಅವಳಿನ್ನೂ ಹೊರಟಿಲ್ಲ. ಅವಳೂ ಸೇರಿ ಹತ್ತು ಜನ ಇದೀರಿ. ಎಲ್ಲಾರೂ ಸ್ವಲ್ಪ ಆ ಕಡೆ ಈ ಕಡೆ ಸರೀರಿ, ನಡುವೆ ಜಾಗ ಬಿಡಿ."

ಐದು ಜನ ಎಡಕ್ಕೆ, ನಾಲ್ಕು ಜನ ಬಲಕ್ಕೆ ಸರಿದರು. ಅಂಚಿಗೆ ಹೋದವಳು ಬೆನಿತಾ. ಮುಖ ಸೊಟ್ಟ ಬರುತ್ತದೆಂದು ಗೊತ್ತಿದ್ದೂ ಅಲ್ಲೇ ನಿಂತಳು. ಅವನು ಎದುರಿನ ದೊಡ್ಡ ಬಾಗಿಲಿನ ಎರಡೂ ಕದ ಪೂರ್ತಿ ತೆರೆದು, ಅಂಗಳಕ್ಕಿಳಿದು, ನಾಲ್ಕು ಹೆಜ್ಜೆ ಹಿಂದೆ ಸರಿದು ಒತ್ತಿದ.

ಆಮೇಲೆ ಪರದೆಯ ಮೇಲೆ ನೋಡಿದ. ನಡುವಿನ ಜಾಗದಲ್ಲಿ ಕಪ್ಪು ಬಟ್ಟೆಯ ಮೇಲೆ ಕಂದು ಹ್ಯಾಟು, ಅದರ ಹಿಂದೆ ಬರಿಯ ಗೋಡೆ. ಎಲ್ಲಿಯೂ ಎಳೆದಂತಿರಲಿಲ್ಲ, ಎಲ್ಲವೂ ಇದ್ದ ಹಾಗೇ ಬಂದಿತ್ತು.