ಥಪ್ ಅಂದ ಕಲ್ಲು

ಸಾಣೆ ಕಾಕಾನ ಬಲಹುಬ್ಬಿನಲ್ಲಿ ಒಂದು ಕೂದಲೂ ಇರಲಿಲ್ಲ. ಮೂವತ್ತು ವರ್ಷ ಸಾಣೆಯ ಕಿಡಿ ತಿಂದು ಬೋಳಾಗಿತ್ತು. ಮಸ್ಕಿಯ ಸಂತೆಯ ದಿನ ನನ್ನ ಹೊಲಿಗೆ ಅಂಗಡಿಯ ನೆರಳಲ್ಲಿ ತನ್ನ ತುಳಿಯುವ ಸಾಣೆ ಹೂಡಿ ಕುಡಗೋಲು, ಈಳಿಗೆ, ಕ್ಷೌರದವರ ಕತ್ತಿ, ನನ್ನ ಕತ್ತರಿ, ಎಲ್ಲಕ್ಕೂ ಅಲಗು ಕೊಡುತ್ತಿದ್ದ. ಗಿರಾಕಿ ಇಲ್ಲದಾಗಲೂ ಅವನ ಕಾಲು ಸಾಣೆಯ ಬರಿದಾದ ಗಾಲಿಯನ್ನು ತುಳಿಯುತ್ತಲೇ ಇರುತ್ತಿತ್ತು. ನಾನೇನು ಕಡಿಮೆಯೇ? ಒಂದು ಅಂಗಿಗೆ ಗುಂಡಿ ಹಚ್ಚುವ ಮೊದಲೇ ಇನ್ನೊಂದಕ್ಕೆ ಕತ್ತರಿ ಹಾಕುವವನು. "ನಿನ್ನ ಹೊಟ್ಟ್ಯಾಗ ಇರುವಿ ಹೊಕ್ಕಾವೇನಲೇ ತಮ್ಮಾ?" ಎಂದು ಕಾಕಾ ಬೈಯುತ್ತಿದ್ದ. ಹಾಗೆ ಬೈಯುವಾಗಲೂ ಕಾಲು ನಿಲ್ಲುತ್ತಿರಲಿಲ್ಲ.

ನಿಜಾಮನ ಕಾಲ ಆಗಷ್ಟೇ ಮುಗಿದಿತ್ತು. ಕಾಕಾನ ಅಪ್ಪ ಅರಗು, ಕುರುಂದದ ಕಲ್ಲಿನ ಪುಡಿ ಕಲಸಿ ಮಾಡಿದ್ದ ಸಾಣೆಕಲ್ಲು ಸವೆದು ಹೋಳಿಗೆಯಷ್ಟಾಗಿತ್ತು. ಜೋಳದ ಸುಗ್ಗಿ ಹತ್ತಿರ ಬಂದಿತ್ತು. ಲಿಂಗಸುಗೂರಿಗೆ ಕಾರ್ಖಾನೆಯ ಕಲ್ಲು ಬಂದಿವೆ ಎಂದು ಗೊತ್ತಾಗಿ, ನನ್ನನ್ನೂ ಜೊತೆಗೆ ಎಳೆದುಕೊಂಡು ಹೊರಟ.

"ಕಲ್ಲು ಆರಿಸಾದು ಹುಡುಗಾಟ ಅಲ್ಲಪಾ. ಬಿರುಕ ಇದ್ದದ್ದು ತಂದ್ರ ತಿರುಗೂವಾಗ ಸಿಡೀತೈತಿ. ನಮ್ಮಣ್ಣನ ಕಣ್ಣು ಹಂಗ ಹೋತು" ಎಂದ.

ಅಂಗಡಿಯಲ್ಲಿ ಒಂದೊಂದೇ ಕಲ್ಲನ್ನು ಹಗ್ಗಕ್ಕೆ ತೂಗುಬಿಟ್ಟು ಕಟ್ಟಿಗೆಯ ಹಿಡಿಯಿಂದ ತಟ್ಟಿದ. ಗಟ್ಟಿ ಕಲ್ಲು ಖಣ್ ಅನ್ನಬೇಕು, ಒಳಗೆ ಬಿರುಕಿದ್ದರೆ ಥಪ್ ಅನ್ನುತ್ತದೆ. ಐದು ತಟ್ಟಿದ, ಮತ್ತೆ ಮೊದಲನೆಯದಕ್ಕೇ ಬಂದ. ಸಾಹುಕಾರ ರೇಗಿದ: "ಏನ್ರಿ ಹಿರಿಯಾರ, ಹೆಣ್ಣು ನೋಡಾಕ ಬಂದೀರೇನು? ಮಾಲು ಖರಾಬ್ ಮಾಡಬ್ಯಾಡ್ರಿ."

ಕಾಕಾ ಕಲ್ಲನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ. "ಹೆಂಗೈತಿ ತಮ್ಮಾ ದನಿ?"

ನನ್ನ ಜೀವವೆಲ್ಲ ಊರಿಗೆ ಮರಳುವ ಬಸ್ಸಿನಲ್ಲಿತ್ತು. ಮದುವೆಯ ಮೂರು ಕೋಟು ಹೊಲಿಯದೆ ಬಿದ್ದಿದ್ದವು. "ಛಲೋ ಐತ್ರಿ ಕಾಕಾ, ತಗೋರಿ" ಅಂದೆ.

ಬಸ್ಸಿಗೆ ಕಾಯುವಾಗ ಕಾಕಾ ಕಲ್ಲನ್ನು ಎದೆಗವುಚಿಕೊಂಡು ರಸ್ತೆಯ ನಡುವೆ ನಿಂತಿದ್ದ. ಬಸ್ಸು ಹಿಂದಿನಿಂದ ಹಾರ್ನು ಹೊಡೆದೇ ಹೊಡೆಯಿತು, ಅವನು ಮಿಸುಕಲಿಲ್ಲ. ಓಡಿಹೋಗಿ ರಟ್ಟೆ ಹಿಡಿದು ಎಳೆದೆ. "ಕಾಣಲಿಲ್ಲೋ" ಎಂದ. ಕೇಳಲಿಲ್ಲ ಎನ್ನಲಿಲ್ಲ. ಕಾಕಾನಿಗೆ ಕಿವಿ ಕೇಳುವುದಿಲ್ಲ ಎಂದು ಆಗ ಹೊಳೆಯಿತು. ಹಾಗಾದರೆ ಆ ಕಲ್ಲನ್ನು ಆರಿಸಿದ್ದು ಅವನ ಕಿವಿಯಲ್ಲ, ಬಸ್ಸಿನ ಚಿಂತೆಯಲ್ಲಿದ್ದ ನನ್ನ ಕಿವಿ.

ಬಸ್ಸಿನ ತುಂಬ ಜನ. ಬಾಯಿ ಬಿಡಲು ಆಗಲಿಲ್ಲ, ಇಳಿದ ಮೇಲೆ ಧೈರ್ಯ ಬರಲಿಲ್ಲ. ಮನೆಗೆ ಬಂದರೂ ಕೂತರೆ ಕೂರಲಾರೆ, ನಿಂತರೆ ನಿಲ್ಲಲಾರೆ. ಕೋಟಿನ ತೋಳನ್ನು ತಿರುವುಮುರುವಾಗಿ ಹೊಲಿದು ಬಿಚ್ಚಿದೆ. ಬೆಳಕು ಹರಿಯುತ್ತಲೇ ಅವನ ಮನೆಗೆ ಓಡಿದೆ. ಕಾಕಾ ಕಲ್ಲನ್ನು ಗಾಲಿಗೆ ಏರಿಸುವುದರಲ್ಲಿದ್ದ.

"ತಡೀರಿ ಕಾಕಾ! ನಿನ್ನಿ ನಾ ಕಿವಿಗೊಟ್ಟು ಕೇಳಿಲ್ರಿ. ಅವಸರಕ್ಕ ಅಂದೆ."

ಅವನು ನನ್ನ ತುಟಿಯನ್ನೇ ನೋಡಿದ. ಕಲ್ಲನ್ನು ತೂಗುಹಾಕಿ ನನ್ನ ಕೈಗೆ ಕಟ್ಟಿಗೆಯ ಹಿಡಿ ಕೊಟ್ಟ. ತಟ್ಟಿದೆ. ಥಪ್.

ನಾನು ತಲೆ ಅಲ್ಲಾಡಿಸಿದೆ. ಕಾಕಾ ಸಾಣೆಯ ಮುಂದೆ ಕುಸಿದು ಕೂತ. ಅವನ ಕಾಲು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಅಲಗು ಬೆರಳಿಗೆ ತಿಳೀತೈತಿ. ಕಲ್ಲಿನ ದನಿ ತಿಳಿಯಂಗಿಲ್ಲ. ಅದಕ್ಕ ನಿನ್ನ ಕರಕೊಂಡ ಹೋದೆ" ಎಂದ. "ಮಂದಿಗೆ ಹೇಳಬ್ಯಾಡ ತಮ್ಮಾ. ಕಿವುಡನ ಕೈಯಾಗ ಕ್ಷೌರದ ಕತ್ತಿ ಯಾರು ಕೊಡ್ತಾರ?"

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಅದಕ್ಕೇ ಅಳು ಬಂತು.

ಅಂದೇ ಆ ಕಲ್ಲನ್ನು ಹಿಂದಿರುಗಿಸಲು ಮತ್ತೆ ಲಿಂಗಸುಗೂರಿಗೆ ಹೋದೆವು. ಸಾಹುಕಾರನ ಬೈಗುಳವೆಲ್ಲ ನನ್ನ ಪಾಲಿಗೆ. ಎರಡು ಬಸ್ಸು ಹೋದರೂ ನಾನು ಏಳಲಿಲ್ಲ. ಪ್ರತಿ ಕಲ್ಲನ್ನೂ ಎರಡೆರಡು ಸಲ ತಟ್ಟಿ, ಖಣ್ ಅಂದದ್ದನ್ನು ಹೊತ್ತು ತಂದೆ.

ಐದಾರು ವರ್ಷದ ಮೇಲೆ ಕಾಕಾ ಜ್ವರ ಬಂದು ತೀರಿಕೊಂಡ. ಕೊನೆಯವರೆಗೂ ಅವನ ಎರಡೂ ಕಣ್ಣು ನೆಟ್ಟಗಿದ್ದವು. ಕಿವಿಯ ಸುದ್ದಿಯನ್ನು ಇಂದಿನವರೆಗೆ ನಾನು ಯಾರಿಗೂ ಹೇಳಿರಲಿಲ್ಲ. ಈಗಲೂ ಯಾರಾದರೂ ಏನನ್ನಾದರೂ ಮುಂದಿಟ್ಟು "ಹೆಂಗೈತಿ?" ಎಂದರೆ, ಛಲೋ ಐತಿ ಅನ್ನಲು ನನ್ನ ನಾಲಿಗೆ ಥಟ್ಟನೆ ಏಳುವುದಿಲ್ಲ. "ತಡೀರಿ, ಇನ್ನೊಮ್ಮೆ ತಟ್ರಿ" ಅನ್ನುತ್ತೇನೆ.